ಮೂರನೇ ಸಿಲಿಂಡರಿನ ಸದ್ದು

ಆ ಸದ್ದನ್ನು ನಾನು ಮೊದಲು ಕೇಳಿದ್ದು ಫೋನಿನಲ್ಲಿ. ಬೆಳಿಗ್ಗೆ ಹತ್ತರ ಹೊತ್ತಿಗೆ ವರ್ಕ್‌ಶಾಪಿನ ಹಿಂದಿನ ನಲ್ಲಿಯಲ್ಲಿ ಕೈಯ ಗ್ರೀಸ್ ತೊಳೆಯುತ್ತಿದ್ದೆ. ಶ್ರೀನಿವಾಸಪುರದ ಪಕ್ಕದ ಹಳ್ಳಿಯಲ್ಲಿರುವ ಚಿಕ್ಕಪ್ಪ ಫೋನ್ ಮಾಡಿದರು.

"ಮಗಾ, ಮಾತಾಡ್ಬೇಡ. ಸುಮ್ನೆ ಕೇಳು," ಎಂದವರೇ ಫೋನನ್ನು ಎಲ್ಲೋ ಹಿಡಿದರು.

ಗಾಳಿಯ ಸುಯ್ಯೆನ್ನುವ ಸದ್ದು, ಬೆಲ್ಟು ತಿರುಗುವ ಸದ್ದು. ಅವೆರಡರ ಕೆಳಗೆ, ಯಾರೋ ದಪ್ಪ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದ ಹಾಗೆ ಟೊಕ್, ಟೊಕ್, ಟೊಕ್.

"ಕೇಳಿಸ್ತಾ?"

"ಕೇಳಿಸ್ತು ಚಿಕ್ಕಪ್ಪ. ಯಾವಾಗಿಂದ?"

"ಹದಿನೈದು ದಿನ ಆಯ್ತು. ಮೊದ್ಲು ಲೋಡ್ ಹಾಕ್ಕೊಂಡು ಏರು ಹತ್ತೋವಾಗ ಮಾತ್ರ ಬರ್ತಿತ್ತು. ಈಗ ನಿಂತ್ಕಂಡಿದ್ರೂ ಬರ್ತೈತೆ."

"ಇನ್ಮೇಲೆ ಲೋಡ್ ಹಾಕ್ಬೇಡಿ. ನಾಳೆ ಖಾಲಿ ಗಾಡಿ ನಿಧಾನವಾಗಿ ತಗೊಂಡ್ಬನ್ನಿ. ವಾರಂಟಿ ಇನ್ನೂ ಇದೆಯಲ್ಲ."

"ನೀನಿದೀಯಲ್ಲ, ನಂಗೇನು ಭಯ," ಎಂದು ನಕ್ಕು ಫೋನಿಟ್ಟರು.

ಆ ಮಾತಿಗೆ ಕಾರಣವಿತ್ತು. ಅವರು ಎರಡು ವರ್ಷದ ಹಿಂದೆ ಆ ದೊಡ್ಡ ಪಿಕಪ್ ಕೊಂಡಿದ್ದು ನಾನು ಹೇಳಿದ್ದಕ್ಕೆ. ತಮ್ಮ ತೋಟದ ಮಾವು, ಅಕ್ಕಪಕ್ಕದವರ ಟೊಮೆಟೊ, ಎಲ್ಲವನ್ನೂ ಬಾಡಿಗೆ ಗಾಡಿಯಲ್ಲಿ ಕೋಲಾರದ ಮಾರುಕಟ್ಟೆಗೆ ಸಾಗಿಸಿ ಸಾಕಾಗಿ ಸ್ವಂತ ಗಾಡಿ ಬೇಕೆಂದರು. "ನಮ್ಮ ಕಂಪನಿ ಗಾಡೀನೇ ತಗೊಳ್ಳಿ, ಸರ್ವಿಸ್ ನಮ್ಮ ವರ್ಕ್‌ಶಾಪಲ್ಲೇ ಆಗುತ್ತೆ, ನಾನು ನೋಡ್ಕೋತೀನಿ," ಎಂದು ನಾನೇ ಹೇಳಿದ್ದೆ. ಅದಕ್ಕಿಂತ ಹಿಂದಿನ ಋಣವೂ ಇತ್ತು. ನಾನು ಐಟಿಐಗೆ ಸೇರುವಾಗ ಡೀಸೆಲ್ ಮೆಕ್ಯಾನಿಕ್ ತರಗತಿ ಎಂದ ಕೂಡಲೇ ಅಪ್ಪ ಬೇಡವೆಂದು ತಲೆಯಾಡಿಸಿಬಿಟ್ಟಿದ್ದರು. ಸುಗಟೂರಿನ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಿಪ್ಪುನೇರಳೆ ಸೊಪ್ಪು ಕುಯ್ದಿದ್ದರು, ಹುಳು ಸಾಕಿದ್ದರು, ಹಾಲು ಕರೆದಿದ್ದರು, ಸ್ಪ್ಯಾನರ್ ಹಿಡಿದಿರಲಿಲ್ಲ. ಚಿಕ್ಕಪ್ಪ ಅಪ್ಪನ ಜತೆ ವಾದ ಮಾಡಲಿಲ್ಲ. ಒಂದು ದಿನ ಬಂದು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಸೇರಿಸಿಯೇ ಬಿಟ್ಟರು.

ಐಟಿಐ ಮುಗಿದ ಮೇಲೆ ಕೋಲಾರದ ಹೊರಗೆ, ಹೆದ್ದಾರಿಯ ಪಕ್ಕದ ಆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಅಲ್ಲಿ ನನಗೆ ಕೆಲಸ ಕಲಿಸಿದವರು ಫೋರ್‌ಮನ್. ಮುಳಬಾಗಿಲಿನಿಂದ ಆಚೆ, ಗಡಿಯ ಕಡೆಯ ಊರಿನವರು. ಮನೆಮಾತು ತೆಲುಗು, ಕೋಪ ಬಂದರೆ ಕನ್ನಡ ಪೂರ್ತಿ ಮರೆತುಹೋಗುತ್ತಿತ್ತು. ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಮಾತ್ರ ಸಾರ್ ಎನ್ನುತ್ತಿದ್ದೆ.

ನಾನು ಸೇರಿದ ಮೊದಲ ವಾರದಲ್ಲೇ ಒಬ್ಬ ಲಾರಿ ಮಾಲೀಕ ನನ್ನನ್ನು ನೋಡಿ, "ಹುಡುಗಿ ಕೈಗೆ ನನ್ ಗಾಡಿ ಕೊಡ್ತೀರಾ?" ಎಂದು ಕೂಗಾಡಿದ. ಮೇಸ್ತ್ರಿ ಗಾಡಿಯ ಕೀಲಿಕೈಯನ್ನು ಅವನ ಅಂಗೈಗೆ ವಾಪಸ್ ಇಟ್ಟು, "ಹಂಗಾದ್ರೆ ಬೇರೆ ಕಡೆ ತಗೊಂಡೋಗಿ ಸ್ವಾಮಿ. ಇಲ್ಲಿ ಈ ಯಮ್ಮನೇ ಕೈ ಹಾಕೋದು," ಎಂದರು. ಅವನು ಅರ್ಧ ಗಂಟೆ ಹೊರಗೆ ಬೀಡಿ ಸೇದಿ ಒಳಗೆ ಬಂದ. ಹೆಂಗಸರು ಬಟ್ಟೆ ಬದಲಿಸಲು ಜಾಗವಿಲ್ಲ ಎಂದು ಮೇಸ್ತ್ರಿ ಬಿಡಿಭಾಗಗಳ ಕೋಣೆಯ ಒಂದು ಮೂಲೆ ಖಾಲಿ ಮಾಡಿಸಿ, ತಾವೇ ನಿಂತು ಚಿಲಕ ಹೊಡೆಸಿದರು. ಮಧ್ಯಾಹ್ನ ಅವರ ಹೆಂಡತಿ ಕಳಿಸಿದ ಚಿತ್ರಾನ್ನದಲ್ಲಿ ನನಗೊಂದು ಪಾಲು ಇದ್ದೇ ಇರುತ್ತಿತ್ತು.

ಸದ್ದು ಕೇಳುವುದನ್ನು ಕಲಿಸಿದ್ದೂ ಅವರೇ. "ಮೊದ್ಲು ಬಾಯಿ ಮುಚ್ಕೋ. ಆಮೇಲೆ ಕಣ್ಣು ಮುಚ್ಕೋ. ಕಡೇಗೆ ಕಿವಿ ಇಡು," ಎನ್ನುತ್ತಿದ್ದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಹಚ್ಚಿದರೆ ಒಳಗಿನದೆಲ್ಲ ಕೇಳುತ್ತದೆ. ಮೇಲಿನಿಂದ ಚಟಚಟ ಎಂದು ಚೂಪಾಗಿ ಬಂದರೆ ಡೀಸೆಲ್ ಚಿಮ್ಮುವ ಇಂಜೆಕ್ಟರಿನದು. ತಣ್ಣಗಿದ್ದಾಗ ಜೋರಾಗಿ, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ನಿನದು. ಬಿಸಿಯಾದಷ್ಟೂ ಹೆಚ್ಚಾಗಿ, ಕೆಳಗಿನಿಂದ ಮಂದವಾಗಿ ಬಂದರೆ ತಳದಲ್ಲಿ ತಿರುಗುವ ಕ್ರ್ಯಾಂಕ್ ದಂಡದ ಬೇರಿಂಗಿನದು. "ಅದು ಬಂತೂ ಅಂದ್ರೆ ಇಂಜಿನ್ನಿಗೆ ಕ್ಯಾನ್ಸರ್ ಬಂದಂಗೆ ಕಣಮ್ಮಾ, ಪೇನ್ ಕಿಲ್ಲರ್ ಕೊಟ್ಟು ಕಳಿಸ್ಬಾರ್ದು," ಎಂದು ಅವರು ಒಮ್ಮೆ ಹೇಳಿದ್ದರು.

ಮಾರನೆಯ ದಿನ ಚಿಕ್ಕಪ್ಪ ಗಾಡಿ ತಂದರು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಹೊತ್ತಿಗೆ ಇಂಜಿನ್ ಚೆನ್ನಾಗಿ ಬಿಸಿಯಾಗಿತ್ತು, ಸದ್ದು ಗೇಟಿನಿಂದಲೇ ಕೇಳುತ್ತಿತ್ತು. ಅವರನ್ನು ಕಾಯುವ ಕೋಣೆಯಲ್ಲಿ ಟಿವಿಯ ಮುಂದೆ ಕೂರಿಸಿ, ಟೀ ಕೊಟ್ಟು ಬಂದು ಬಾನೆಟ್ ತೆರೆದೆ. ಸ್ಕ್ರೂಡ್ರೈವರ್ ಹಚ್ಚಿ ಮೇಲೆ ಕೇಳಿದೆ, ಪಕ್ಕದಲ್ಲಿ ಕೇಳಿದೆ, ಕೆಳಗೆ ಮಲಗಿ ಆಯಿಲ್ ಚೇಂಬರಿನ ಹತ್ತಿರ ಕೇಳಿದೆ. ಕೆಳಗೆ ಹೋದಷ್ಟೂ ಸದ್ದು ದಪ್ಪವಾಗುತ್ತಿತ್ತು. ಆಮೇಲೆ ಇಂಜಿನ್ ಓಡುತ್ತಿರುವಂತೆಯೇ ಇಂಜೆಕ್ಟರುಗಳ ವೈರನ್ನು ಒಂದೊಂದಾಗಿ ಬಿಚ್ಚಿದೆ. ವೈರ್ ಬಿಚ್ಚಿದರೆ ಆ ಸಿಲಿಂಡರು ಕೆಲಸ ನಿಲ್ಲಿಸುತ್ತದೆ, ಅದರ ಬೇರಿಂಗಿನ ಮೇಲಿನ ಹೊರೆ ಇಳಿಯುತ್ತದೆ. ಒಂದನೆಯದು ಬಿಚ್ಚಿದಾಗ ಇಂಜಿನ್ ನಡುಗಿತು, ಟೊಕ್ ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದು ಬಿಚ್ಚಿದ ಕೂಡಲೇ ಟೊಕ್ ಅಡಗಿತು. ವಾಪಸ್ ಸಿಕ್ಕಿಸಿದೆ, ಬಂತು. ಮತ್ತೆ ಬಿಚ್ಚಿದೆ, ಹೋಯಿತು. ಅದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿ ಮೇಸ್ತ್ರಿಗೆ ಕಳಿಸಿದೆ. ಅವರು ಪಕ್ಕದ ಶೆಡ್ಡಿನಿಂದಲೇ ಎದ್ದು ಬಂದರು.

ತಾವೂ ಕಣ್ಣು ಮುಚ್ಚಿ ಕೇಳಿದರು. "ಏನನ್ಸುತ್ತೆ?" ಎಂದು ನನ್ನನ್ನೇ ಕೇಳಿದರು.

"ಮೂರನೇ ಸಿಲಿಂಡರು. ಬೇರಿಂಗ್ ಹೋಗಿದೆ ಸಾರ್."

"ಶಭಾಷ್. ಒಂದ್ ಸೊಲ್ಪ ಆಯಿಲ್ ಇಳ್ಸು, ನೋಡಾನ."

ಕೆಳಗಿನ ಬೋಲ್ಟ್ ಸಡಿಲಿಸಿ ಒಂದು ಬಾಟಲಿಯಷ್ಟು ಆಯಿಲ್ ಹಿಡಿದುಕೊಂಡೆ. ಹೊರಗೆ ಬಿಸಿಲಿಗೆ ತಂದು ಬೆರಳಿಗೆ ಹಚ್ಚಿ ತಿರುಗಿಸಿದರೆ ಹಳೆಯ ಸೀರೆಯ ಜರಿ ಉದುರಿದ ಹಾಗೆ ತಾಮ್ರದ ಬಣ್ಣದ ಪುಡಿ ಮಿನುಗಿತು. ಬೇರಿಂಗು ಸವೆದು ಆಯಿಲಿಗೆ ಸೇರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಯಿಲ್ ಮಾತ್ರ ತುಂಬ ಕಪ್ಪಾಗಿತ್ತು, ಡಾಂಬರಿನಂತೆ ಎಳೆಯಾಗಿ ಇಳಿಯುತ್ತಿತ್ತು. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುವುದೇ ಎಂದುಕೊಂಡು ಆ ಕಡೆ ಯೋಚನೆ ಹರಿಸಲಿಲ್ಲ. ಮೇಸ್ತ್ರಿ ಬಾಟಲಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ, "ಏಂ ಕಾದು, ಏನೂ ಆಗಲ್ಲ. ವಾರಂಟಿಯಾಗೆ ಆಗೋಗ್ತದೆ," ಎಂದರು. ಚಿಕ್ಕಪ್ಪನ ಹತ್ತಿರ ಹೋಗಿ ಅವರ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಮಗಳು ಸರ್ಯಾಗಿ ಹಿಡ್ದವ್ಳೆ ಸ್ವಾಮಿ. ಗಾಡಿ ಬಿಟ್ಟೋಗಿ," ಎಂದೂ ಹೇಳಿದರು. ಚಿಕ್ಕಪ್ಪನ ಮುಖ ಅರಳಿತು. ಅವರು ನನ್ನ ಬಗ್ಗೆ ಅಷ್ಟು ಹೆಮ್ಮೆಪಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ಮನೆಗೆ ಹೊರಡುವಾಗ ಮೇಸ್ತ್ರಿ ಕರೆದು ತಪಾಸಣೆಯ ಫಾರಂ ಮುಂದಿಟ್ಟರು. ವಾರಂಟಿಯಲ್ಲಿ ರಿಪೇರಿ ಮಾಡಬೇಕಾದರೆ ಅದು ಕಂಪನಿಗೆ ಹೋಗಬೇಕು. ಗಾಡಿ ನೋಡಿದವರ ಸಹಿ ಬೇಕು. ಫಾರಂ ಪೂರ್ತಿ ಖಾಲಿ ಇತ್ತು.

"ಸಹಿ ಹಾಕೋಗು. ನಾನು ನಿಧಾನಕ್ಕೆ ತುಂಬ್ತೀನಿ. ನಿನ್ ಕಾಗೆ ಕಾಲು ಗುಬ್ಬಿ ಕಾಲು ನೋಡಿದ್ರೆ ಕಂಪ್ನಿಯವರು ಕನ್ನಡಕ ಬದಲಾಯಿಸ್ಬೇಕಾಗ್ತದೆ."

ನಾನು ನಕ್ಕೆ. ಬಸ್ಸು ತಪ್ಪುತ್ತದೆಂಬ ಅವಸರವೂ ಇತ್ತು. ಸಹಿ ಹಾಕಿ ಹೊರಟೆ. ಹಾಗೆ ಹಾಕಿದ್ದು ಅದೇ ಮೊದಲೇನಲ್ಲ. ಎಷ್ಟೋ ಫಾರಂಗಳಿಗೆ ಹಾಗೇ ಹಾಕಿದ್ದೆ. ಕೆಳಗೆ ನನ್ನ ಸಹಿ, ಮೇಲೆ ಅವರ ದುಂಡಗಿನ ಅಕ್ಷರ.

ಎರಡು ವಾರ ಕಳೆಯಿತು. ಗಾಡಿ ಹಿತ್ತಲಿನ ಶೆಡ್ಡಿನ ಪಕ್ಕ ನಿಂತೇ ಇತ್ತು. ಕೇಳಿದಾಗಲೆಲ್ಲ ಮೇಸ್ತ್ರಿ, "ಮೇಲಿಂದ ಉತ್ತರ ಬರ್ಬೇಕಲ್ಲಮ್ಮಾ," ಎನ್ನುತ್ತಿದ್ದರು. ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ ಚಿಕ್ಕಪ್ಪ ಒಂದು ದಿನ ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಮೂರನೆಯ ದಿನ ಚಿಕ್ಕಮ್ಮ ಫೋನೆತ್ತಿ, "ಮನೆಯಾಗಿಲ್ಲ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಹಿಂದಿನಿಂದ ಚಿಕ್ಕಪ್ಪ ಕೆಮ್ಮಿದ್ದು ಕೇಳಿಸಿತ್ತು.

ಭಾನುವಾರ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಮಾವಿನ ಮರಗಳು ಹೂ ಬಿಟ್ಟಿದ್ದವು. ಚಿಕ್ಕಪ್ಪ ಜಗಲಿಯ ಮೇಲೆ ಕೂತು, ಒಡೆದ ಟೊಮೆಟೊ ಕ್ರೇಟುಗಳ ಮೂಲೆಗೆ ತಂತಿ ಬಿಗಿಯುತ್ತಿದ್ದರು. ಬಾ ಎನ್ನಲಿಲ್ಲ. ಚಿಕ್ಕಮ್ಮ ಒಂದು ಲೋಟ ನೀರು ತಂದು ನನ್ನ ಪಕ್ಕ ಇಟ್ಟು ಒಳಗೆ ಹೋದರು. ಚಿಕ್ಕಪ್ಪ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

ಕಂಪನಿಯ ಪತ್ರ. ವಾರಂಟಿ ಕೊಡಲಾಗದು ಎಂದಿತ್ತು. ಜತೆಗೆ ತಪಾಸಣೆಯ ಫಾರಂನ ಪ್ರತಿ. ಮೇಸ್ತ್ರಿಯ ದುಂಡಗಿನ ಅಕ್ಷರದಲ್ಲಿ, ಮಾಲೀಕರು ಹೊರಗಿನ ಗ್ಯಾರೇಜಿನಲ್ಲಿ ಕಳಪೆ ಆಯಿಲ್ ಹಾಕಿಸಿ, ಮಿತಿಮೀರಿದ ಭಾರ ಹೇರಿ ಓಡಿಸಿದ್ದಾರೆ, ಇದನ್ನು ಗಾಡಿ ಪರೀಕ್ಷಿಸಿದವರ ಮುಂದೆ ತಾವೇ ಒಪ್ಪಿಕೊಂಡಿದ್ದಾರೆ ಎಂದು ಬರೆದಿತ್ತು. ಕೆಳಗೆ ನನ್ನ ಸಹಿ.

ನಾನು ಎರಡು ಸಲ ಓದಿದೆ. ಚಿಕ್ಕಪ್ಪ ತಂತಿ ತಿರುಗಿಸುತ್ತಲೇ ಕೇಳಿದರು. "ನಾನು ಯಾವಾಗ ಒಪ್ಕೊಂಡೆ ಮಗಾ?"

"ಇದು ನಾನು ಬರ್ದಿದ್ದಲ್ಲ ಚಿಕ್ಕಪ್ಪ."

"ಸಹಿ?"

"ಸಹಿ ನಂದೇ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ತಡೆಯಲಾರದೆ, "ಸಹಿ ನಿಂದು, ಬರ್ದಿದ್ದು ನಿಂದಲ್ಲ. ಇದ್ಯಾವ ಸೀಮೆ ಮಾತೇ? ನಿಮ್ಮ ಚಿಕ್ಕಪ್ಪ ಹೊರಗಡೆ ಒಂದ್ ತೊಟ್ಟು ಆಯಿಲ್ ಹಾಕ್ಸಿಲ್ಲ. ಮೂರು ಸಲಾನೂ ನಿಮ್ಮತ್ರಾನೇ ತಂದವ್ರೆ. ನಿಂಗೊತ್ತಿಲ್ವಾ?" ಎಂದರು.

ಗೊತ್ತಿತ್ತು. ಮೂರನೆಯ ಸರ್ವಿಸ್ ದಿನ ನಾನೇ ಅವರಿಗೆ ಟೀ ತಂದುಕೊಟ್ಟಿದ್ದೆ. ನಡೆದದ್ದನ್ನು ಹೇಳಲು ಹೋದೆ. ಖಾಲಿ ಫಾರಂ, ಬಸ್ಸಿನ ಅವಸರ, ಮೇಸ್ತ್ರಿ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಯಾರು ತಾನೆ ಬರೆಯದ ಕಾಗದಕ್ಕೆ ಸಹಿ ಹಾಕುತ್ತಾರೆ?

ಚಿಕ್ಕಪ್ಪ ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ, "ಕೆಲ್ಸ ಉಳಿಸ್ಕೋಬೇಕಾಗಿತ್ತೇನೋ ನೀನು. ನಂಗೇ ಒಂದ್ ಮಾತು ಹೇಳಿದ್ರೆ ನಾನೇ ಒಪ್ಕೊಂಡ್ಬಿಡ್ತಿದ್ನಲ್ಲಾ," ಎಂದರು.

ಆ ಕಾಗದ ಕೈಯಲ್ಲೇ ಹಿಡಿದು ಅಲ್ಲಿಂದ ಎದ್ದು ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾಕಮ್ಮಾ, ಮನೆಯಾಗೆ ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳುವವರೆಗೂ ನಾನು ಅಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೇಸ್ತ್ರಿ ಊಟದ ಡಬ್ಬಿ ಬಿಚ್ಚುವಾಗ ಕಾಗದವನ್ನು ಅವರ ಮುಂದಿಟ್ಟೆ. ಅವರು ನೋಡಿದರು, ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಕೂತ್ಕೋ. ಊಟ ಆಯ್ತಾ?" ಎಂದರು.

"ಯಾಕೆ ಹೀಗೆ ಬರೆದ್ರಿ ಸಾರ್?"

"ಈ ವರ್ಷ ವಾರಂಟಿ ಕ್ಲೇಮ್ ಜಾಸ್ತಿ ಆಗೋಗವೆ ಅಂತ ಮೇಲ್ಗಡೆಯಿಂದ ಒತ್ತಡ ಐತಮ್ಮಾ. ಒಂದೆರಡು ವಾಪಸ್ ತಿರುಗಿಸ್ಲೇಬೇಕಾಗಿತ್ತು."

"ಅವರು ನಮ್ಮ ಚಿಕ್ಕಪ್ಪ ಅಂತ ನಿಮಗೆ ಗೊತ್ತಿತ್ತಲ್ಲ?"

"ಅದಕ್ಕೇನೇ," ಎಂದರು ಮೇಸ್ತ್ರಿ, ಅನ್ನ ಕಲಸುತ್ತ. "ಬೇರೆ ಕಸ್ಟಮರ್ ಆಗಿದ್ರೆ ಕೋರ್ಟು ಕಚೇರಿ ಅಂತ ಹೋಗ್ತಾರೆ. ಸೊಂತದವರಾದ್ರೆ ಮನೆಯಾಗೇ ಮುಗ್ದೋಗ್ತದೆ. ಹೊಸ ಬೇರಿಂಗು ನಾವೇ ಹೆಂಗೋ ಹಾಕಿಕೊಟ್ರಾಯ್ತು, ಪರ್ವಾಲೇದು. ನೀನು ನನ್ ಮಗಳ ಸಮ, ನಿಂಗೆ ಮೋಸ ಮಾಡ್ತೀನಾ?"

ಎರಡು ಡಬ್ಬಿಗಳಲ್ಲಿ ಒಂದನ್ನು ಎಂದಿನಂತೆ ನನ್ನ ಕಡೆ ತಳ್ಳಿದರು. ಅವತ್ತು ನಾನು ಅದನ್ನು ಮುಟ್ಟಲಿಲ್ಲ.

ಮೇಲಿನವರ ಒತ್ತಡಕ್ಕೆ ಸಿಕ್ಕಿಬಿದ್ದ ಮನುಷ್ಯ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟಾದರೂ ಉಳಿಸಿಕೊಳ್ಳುವ ಆಸೆ. ಆದರೆ ಆ ಆಯಿಲಿನ ನೆನಪು ಹೋಗಲಿಲ್ಲ. ಮೂರು ಸಲ ಬದಲಿಸಿದ ಆಯಿಲ್ ಡಾಂಬರಿನಂತೆ ಇಳಿಯುವುದಿಲ್ಲ. ಬುಧವಾರ ಊಟದ ಹೊತ್ತಿನಲ್ಲಿ ಎಲ್ಲರೂ ಒಳಗಿದ್ದಾಗ ಹಿತ್ತಲಿಗೆ ಹೋಗಿ, ಚಿಕ್ಕಪ್ಪನ ಗಾಡಿಯ ಕೆಳಗೆ ರಟ್ಟು ಹಾಸಿ ಮಲಗಿದೆ. ಆಯಿಲ್ ಫಿಲ್ಟರ್ ಇರುವುದು ಇನ್ನೊಂದು ಪಕ್ಕದಲ್ಲಿ, ಒಂದು ತಗಡಿನ ಮರೆಯಲ್ಲಿ. ತಗಡು ಬಿಚ್ಚಿ ಟಾರ್ಚ್ ಹಾಕಿದೆ.

ಫಿಲ್ಟರಿನ ಮೇಲೆ ಬಿಳಿ ಬಣ್ಣದ ಒಂದು ಗೆರೆ ಇತ್ತು. ಕಾರ್ಖಾನೆಯಲ್ಲಿ ಗಾಡಿ ತಯಾರಾಗುವಾಗ ಫಿಲ್ಟರನ್ನು ಬಿಗಿದ ಮೇಲೆ, ಬಿಗಿದಿದ್ದಾಗಿದೆ ಎಂಬುದಕ್ಕೆ ಇಂಜಿನ್ನಿನಿಂದ ಫಿಲ್ಟರಿನ ಮೇಲೆ ಹಾಯುವಂತೆ ಒಂದು ಗೆರೆ ಎಳೆಯುತ್ತಾರೆ. ಒಮ್ಮೆ ಬಿಚ್ಚಿದರೆ ಗೆರೆ ತುಂಡಾಗುತ್ತದೆ. ಹೊಸ ಫಿಲ್ಟರಿಗೆ ಆ ಗೆರೆಯೇ ಇರುವುದಿಲ್ಲ. ಇಲ್ಲಿ ಗೆರೆ ಇಂಜಿನ್ನಿನಿಂದ ಫಿಲ್ಟರಿನವರೆಗೆ ಒಂದೂ ಕಡೆ ಮುರಿಯದೆ ಹಾಗೇ ಇತ್ತು. ಗಾಡಿ ಹುಟ್ಟಿದಾಗಿನಿಂದ ಆ ಫಿಲ್ಟರನ್ನು ಯಾರೂ ಮುಟ್ಟಿರಲಿಲ್ಲ.

ಒಳಗೆ ಹೋಗಿ ಹಳೆಯ ಜಾಬ್ ಕಾರ್ಡುಗಳನ್ನು ತೆಗೆದೆ. ಮೂರು ಸರ್ವಿಸ್, ಮೂರು ಸಲ ಹೊಸ ಆಯಿಲ್, ಮೂರು ಹೊಸ ಫಿಲ್ಟರ್. ಮೂರಕ್ಕೂ ಮೇಸ್ತ್ರಿಯದೇ ಸಹಿ. ನಿಮ್ಮ ಚಿಕ್ಕಪ್ಪನ ಗಾಡಿ, ನಾನೇ ನೋಡ್ತೀನಿ ಎಂದು ಮೂರು ಸಲವೂ ಅವರೇ ತೆಗೆದುಕೊಂಡಿದ್ದರು. ಚಿಕ್ಕಪ್ಪ ಕಾಯುವ ಕೋಣೆಯಲ್ಲಿ ಟಿವಿ ನೋಡುತ್ತ ಕೂತಿದ್ದಾಗ ಒಳಗೆ ಗಾಡಿಗೆ ನೀರು ಹೊಡೆದು, ಒರೆಸಿ, ಹೊರಗೆ ನಿಲ್ಲಿಸಿದ್ದಾರೆ, ಅಷ್ಟೆ. ಅದಕ್ಕೆಂದು ಬಿಡಿಭಾಗಗಳ ಕೋಣೆಯಿಂದ ತೆಗೆದ ಹೊಸ ಆಯಿಲ್, ಫಿಲ್ಟರ್ ಹೊರಗೆಲ್ಲೋ ಮಾರಾಟವಾಗಿವೆ. ನಾನು ತಂದ ಬಾಟಲಿಯನ್ನು ಬೆಳಕಿಗೆ ಹಿಡಿದು ಅವರು ಸುಮ್ಮನೆ ನಿಂತಿದ್ದೇಕೆಂದು ಆಗ ತಿಳಿಯಿತು. ಕಂಪನಿಯವರು ಇಂಜಿನ್ ಬಿಚ್ಚಿದರೆ ಅವರ ಬುಡಕ್ಕೇ ಬರುತ್ತಿತ್ತು. ಮೇಲಿನವರ ಒತ್ತಡವೂ ಇಲ್ಲ, ಏನೂ ಇಲ್ಲ. ತಮ್ಮ ಕಳ್ಳತನಕ್ಕೆ ನನ್ನ ಚಿಕ್ಕಪ್ಪನನ್ನು ಕಳ್ಳ ಮಾಡಿದ್ದರು, ಅದೂ ನನ್ನ ಕೈಯಲ್ಲಿ.

ಅಷ್ಟು ಅನುಭವಿ ಆ ಫಿಲ್ಟರನ್ನು ಬದಲಿಸದೆ ಹಾಗೇ ಬಿಟ್ಟಿದ್ದು ಯಾಕೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಮರೆತಿರಬಹುದು. ನಾನು ಅವರನ್ನು ಅನುಮಾನಿಸಿ ಗಾಡಿಯ ಕೆಳಗೆ ಹೋಗುವವಳಲ್ಲ ಎಂಬ ಭರವಸೆಯೂ ಇದ್ದಿರಬಹುದು. ಎರಡನೆಯದೇ ನಿಜ ಎಂದು ನನಗನಿಸುತ್ತದೆ.

ಪತ್ರದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ನಮ್ಮ ಜಿಲ್ಲೆಯ ಗಾಡಿಗಳನ್ನು ನೋಡಿಕೊಳ್ಳುವ ಕಂಪನಿ ಎಂಜಿನಿಯರ್ ಸಿಕ್ಕರು. ಬೆಂಗಳೂರಿನಲ್ಲಿರುವವರು, ಮಾತು ಕಡಿಮೆ. "ಬರ್ತೀನಿ. ಅಲ್ಲೀವರೆಗೂ ಗಾಡಿ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ," ಎಂದರು. ಅವರು ಬರಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ನಾನು ಊಟದ ಡಬ್ಬಿಯನ್ನು ಹಿತ್ತಲಿಗೇ ಒಯ್ದು, ಆ ಗಾಡಿ ಕಾಣುವ ಹಾಗೆ ಕೂತು ತಿಂದೆ. ಕೋಪದಲ್ಲಿದ್ದೇನೆ ಎಂದುಕೊಂಡು ಮೇಸ್ತ್ರಿ ದೂರದಿಂದ ನೋಡಿ ಸುಮ್ಮನಾಗುತ್ತಿದ್ದರು. ಒಂದು ಸಲ ಒಂದು ಸೀಬೆಹಣ್ಣು ತಂದು ನನ್ನ ಪಕ್ಕದ ಕಟ್ಟೆಯ ಮೇಲಿಟ್ಟು ಹೋದರು. ಅವರನ್ನು ಹಿಡಿಸಿಕೊಡಲು ಕಾವಲು ಕೂತಿದ್ದ ನಾನು ಆ ಹಣ್ಣನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನಕ್ಕೆ ಅದಕ್ಕೆ ಇರುವೆ ಮುತ್ತಿತ್ತು.

ಎಂಜಿನಿಯರ್ ಬೆಳಿಗ್ಗೆ ಬಂದರು. ಗಾಡಿಯ ಸುತ್ತ ಎಲ್ಲರೂ ಸೇರಿದರು. ಚಿಕ್ಕಪ್ಪನನ್ನೂ ಕರೆಸಿದ್ದರು, ಅವರು ಗೇಟಿನ ಹತ್ತಿರವೇ ಟವೆಲ್ ಹಿಡಿದು ನಿಂತಿದ್ದರು. ಫಾರಂ ಬಗ್ಗೆ ಎಂಜಿನಿಯರ್ ಕೇಳಿದಾಗ ನಾನು, "ಖಾಲಿ ಫಾರಂಗೆ ಸಹಿ ಹಾಕಿದ್ದು ನನ್ನ ತಪ್ಪು ಸಾರ್. ಆದರೆ ಇದು ನಾನು ಹೇಳಿದ್ದಲ್ಲ, ನಮ್ಮ ಚಿಕ್ಕಪ್ಪ ಹೇಳಿದ್ದೂ ಅಲ್ಲ," ಎಂದೆ.

ಮೇಸ್ತ್ರಿ ನಕ್ಕರು. "ಸಹಿ ಇವಳ್ದೇ ಅಲ್ವಾ ಸಾರ್? ಚಿಕ್ಕಪ್ಪನ ಗಾಡಿ ಅಂತ ಈಗ ಮಾತು ತಿರುಗಿಸ್ತಾವ್ಳೆ. ಹೆಣ್ಣು ಹುಡ್ಗೀನ ಕೆಲ್ಸಕ್ಕೆ ಇಟ್ಕೊಂಡ್ರೆ ಇದೇ ಪಾಡು."

ಸುಳ್ಳು ಬರೆದದ್ದಕ್ಕಿಂತ, ಕದ್ದದ್ದಕ್ಕಿಂತ ನನಗೆ ನಾಟಿದ್ದು ಆ ಕೊನೆಯ ಮಾತು. ಲಾರಿ ಮಾಲೀಕನಿಗೆ ಕೀಲಿಕೈ ವಾಪಸ್ ಕೊಟ್ಟು ನನ್ನ ಪರ ಮಾತಾಡಿದ ಬಾಯಲ್ಲೇ ಅದು ಬಂದಿತ್ತು. ಆರು ವರ್ಷ ಅದು ಅವರೊಳಗೇ ಇತ್ತೋ, ಅವತ್ತಿಗೆ ಬೇಕೆಂದು ಯಾರಿಂದಲೋ ಎರವಲು ತಂದರೋ, ನನಗೆ ಗೊತ್ತಿಲ್ಲ.

ಎಂಜಿನಿಯರ್ ಶುಭ್ರ ಅಂಗಿಯಲ್ಲೇ ರಟ್ಟಿನ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಇಂಜಿನ್ ಚಾಲೂ ಮಾಡಿಸಿ, "ನೀವು ಆ ದಿನ ಮಾಡಿದ್ದನ್ನ ಇನ್ನೊಂದ್ಸಲ ಮಾಡಿ ತೋರಿಸಿ," ಎಂದು ನನಗೆ ಹೇಳಿದರು. ಮೂರನೆಯ ವೈರ್ ಬಿಚ್ಚಿದೆ. ಟೊಕ್ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಆಯಿಲ್ ಚೇಂಬರ್ ಬಿಚ್ಚಿದ್ದಾಯಿತು. ತಳದಲ್ಲಿ ಕಪ್ಪು ಕೆಸರು ಕಟ್ಟಿತ್ತು. ಮೂರನೆಯ ಬೇರಿಂಗು ತಾಮ್ರ ಕಾಣುವಷ್ಟು ಸವೆದು, ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು.

ಎಂಜಿನಿಯರ್ ಫಿಲ್ಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮೂರು ಜಾಬ್ ಕಾರ್ಡು ಇಟ್ಟರು. "ಇದನ್ನ ಯಾವಾಗ ಬದಲಾಯಿಸಿದ್ರಿ ಮೇಸ್ತ್ರಿ?" ಎಂದು ಕೇಳಿದರು. ಮೇಸ್ತ್ರಿ ಕುಡಿಯಲು ನೀರು ಕೇಳಿದರು. ಯಾರೂ ಅಲುಗಾಡದೆ ಇದ್ದುದರಿಂದ ತಾವೇ ನಲ್ಲಿಯ ಕಡೆ ಹೋದರು. ವಾಪಸ್ ಬಂದಾಗ ನನ್ನ ಮುಖ ನೋಡಲಿಲ್ಲ.

ವಾರದೊಳಗೆ ಚಿಕ್ಕಪ್ಪನಿಗೆ ಎರಡನೆಯ ಪತ್ರ ಬಂತು. ಎರಡೇ ಸಾಲು: ಹಿಂದಿನ ಪತ್ರ ರದ್ದಾಗಿದೆ, ರಿಪೇರಿ ಪೂರ್ತಿ ವರ್ಕ್‌ಶಾಪಿನದೇ ಜವಾಬ್ದಾರಿ. ತಪ್ಪಾಯಿತು ಎಂಬ ಮಾತು ಅದರಲ್ಲಿರಲಿಲ್ಲ. ಮೇಸ್ತ್ರಿ ತಾವಾಗಿಯೇ ಕೆಲಸ ಬಿಟ್ಟರೆಂದು ಹೇಳಿ ವರ್ಕ್‌ಶಾಪಿನವರು ಅವರನ್ನು ಕಳಿಸಿಕೊಟ್ಟರು. ಪೊಲೀಸು ದೂರು ಏನೂ ಆಗಲಿಲ್ಲ. ನನಗೆ ಶಿಕ್ಷೆಯೆಂದು ಯಾರೂ ಏನೂ ಹೇಳಲಿಲ್ಲ. ಮ್ಯಾನೇಜರ್ ಕರೆದು, "ನೀವಿನ್ನು ಮುಂದಿನ ಕೌಂಟರಲ್ಲಿ ಕೂತ್ಕೊಳ್ಳಿ, ನಿಮಗೂ ಅನುಕೂಲ," ಎಂದರು. ಸ್ಪ್ಯಾನರ್ ಕಿತ್ತುಕೊಂಡು ಪೆನ್ನು ಕೊಟ್ಟರು. ಜತೆಯವರು ಮಾತು ಬಿಟ್ಟರು. ಅವರಲ್ಲಿ ಯಾರಿಗೆ ಎಷ್ಟು ಪಾಲು ಹೋಗುತ್ತಿತ್ತೋ. ಒಬ್ಬ ನನಗೆ ಕೇಳುವ ಹಾಗೇ, "ಅನ್ನ ಹಾಕಿದ ಕೈ ಕಚ್ಚಿದ್ಲು," ಎಂದ. ಎರಡು ತಿಂಗಳು ಕೌಂಟರಿನಲ್ಲಿ ಕೂತೆ. ಆಮೇಲೆ ಬಿಟ್ಟೆ. ಈಗ ಮಾಲೂರಿನ ಒಂದು ಗ್ಯಾರೇಜಿನಲ್ಲಿದ್ದೇನೆ. ಇಟ್ಟಿಗೆ ಗೂಡುಗಳ ಟ್ರ್ಯಾಕ್ಟರು, ಲಾರಿ. ಎಲ್ಲದರ ಒಳಗೂ ಕೆಂಪು ದೂಳು. ಕೆಲಸ ಒರಟು, ಆದರೆ ಕೈಯಲ್ಲಿ ಸ್ಪ್ಯಾನರ್ ಇದೆ.

ರಿಪೇರಿಯಾದ ಪಿಕಪ್ಪನ್ನು ನಾನೇ ಓಡಿಸಿಕೊಂಡು ಹೋಗಿ ಚಿಕ್ಕಪ್ಪನಿಗೆ ಕೊಟ್ಟಿದ್ದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿ, "ಹೋಗೈತೆ ಸದ್ದು," ಎಂದರು. ಚಿಕ್ಕಮ್ಮ ಮುದ್ದೆ, ಬಸ್ಸಾರು ಬಡಿಸಿದರು. ಬೇಡವೆಂದರೂ ಇನ್ನೊಂದು ಮುದ್ದೆ ಹಾಕಿದರು. ಆ ಕಾಗದದ ಬಗ್ಗೆ ಯಾರಾದರೂ ಒಂದು ಮಾತು ಆಡುತ್ತಾರೆಂದು ಕಾದೆ. ಆಡಲಿಲ್ಲ. ನಾನೂ ಕೇಳಲಿಲ್ಲ. ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಐಟಿಐಗೆ ಸೇರಿಸಿದವರು ಒಂದು ಕಾಗದ ನೋಡಿ ಅಷ್ಟು ದಿನ ನನ್ನ ಫೋನೆತ್ತದೆ ಇದ್ದರಲ್ಲ ಎಂಬುದು ಮನಸ್ಸಿನಿಂದ ಹೋಗಿಲ್ಲ. ತಾವೇ ಒಪ್ಪಿಕೊಂಡುಬಿಡುತ್ತಿದ್ದೆ ಎಂದಿದ್ದರು. ಅದು ಪ್ರೀತಿಯ ಮಾತೇ. ಆದರೆ ಅದರೊಳಗೆ, ನಾನು ಅಂಥದ್ದನ್ನು ಬರೆಯಬಲ್ಲೆ ಎಂಬ ನಂಬಿಕೆಯೂ ಇತ್ತಲ್ಲ. ಗಾಡಿಯ ಸರ್ವಿಸನ್ನು ಅವರೀಗ ಚಿಂತಾಮಣಿಯಲ್ಲಿ ಮಾಡಿಸುತ್ತಾರೆ. ನನ್ನನ್ನು ಕೇಳುವುದಿಲ್ಲ. ಮಾವಿನ ಕಾಲ ಬಂದರೆ ಮಾತ್ರ ಒಂದು ಬುಟ್ಟಿ ಹಣ್ಣು ತಪ್ಪದೆ ಕಳಿಸುತ್ತಾರೆ.

ಕಳೆದ ವರ್ಷ ಮುಳಬಾಗಿಲಿನಲ್ಲಿ ಗೆಳತಿಯ ತಂಗಿಯ ಮದುವೆಗೆ ಹೋಗಿದ್ದೆ. ಛತ್ರದ ಬಾಗಿಲಲ್ಲಿ ಮೇಸ್ತ್ರಿ ಮತ್ತು ಅವರ ಹೆಂಡತಿ ಎದುರಾದರು. ಮೇಸ್ತ್ರಿ ಇಳಿದುಹೋಗಿದ್ದರು, ಕನ್ನಡಕ ಬಂದಿತ್ತು. ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಗಂಡನ ಬಾಯಲ್ಲಿ ಕೇಳಿ ಗೊತ್ತಿದ್ದ ಗುರುತಿಗೇ ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನೇನಮ್ಮಾ ಆ ಮೆಕ್ಯಾನಿಕ್ ಹುಡುಗಿ? ಇವ್ರು ಮನೆಯಾಗೆ ನಿನ್ ಮಾತೇ ಆಡ್ತಿದ್ರು. ಮೋಕಾಳು ನೋವು ಅಂತ ಇವ್ರು ಕೆಲ್ಸ ಬಿಟ್ ಮೇಲೆ ಒಂದ್ಸಲಾನೂ ಮನೆಗೆ ಬರ್ಲಿಲ್ಲ ನೀನು."

ಮೊಣಕಾಲಿನ ನೋವು. ಮನೆಯಲ್ಲಿ ಹಾಗೆ ಹೇಳಿದ್ದರು. ಮೇಸ್ತ್ರಿ ಹೆಂಡತಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕ್ಷಮಿಸು ಎಂಬುದಿರಲಿಲ್ಲ. ಹೇಳಬೇಡ ಎಂಬುದಷ್ಟೇ ಇತ್ತು. ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಕೆಯ ಬಳೆಗಳು ನನ್ನ ಮಣಿಕಟ್ಟಿಗೆ ತಗುಲುತ್ತಿದ್ದವು, ಕೈ ಬೆಚ್ಚಗಿತ್ತು.

"ಬಿಡುವೇ ಆಗ್ಲಿಲ್ಲಮ್ಮಾ. ಬರ್ತೀನಿ," ಎಂದೆ.

ಮೇಸ್ತ್ರಿ ಉಸಿರು ಬಿಟ್ಟು, "ಊಟಕ್ಕೆ ಕೂತ್ಕೋ ಹೋಗು, ಪಂಕ್ತಿ ಶುರುವಾಗೈತೆ," ಎಂದರು, ಏನೂ ನಡೆದೇ ಇಲ್ಲ ಎಂಬಂತೆ. ನಾನು ಪಂಕ್ತಿಗೆ ಹೋಗಲಿಲ್ಲ. ಮದುಮಗಳ ಕೈಗೆ ಉಡುಗೊರೆ ಕೊಟ್ಟು, ತಾಂಬೂಲದ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಕೋಲಾರದ ಬಸ್ಸು ತುಂಬಿತ್ತು, ನಿಂತುಕೊಂಡೇ ಬಂದೆ. ಆ ಹೆಂಗಸಿನ ಮನೆಗೆ ನಾನು ಇನ್ನೂ ಹೋಗಿಲ್ಲ.